ಬೈ, ಅಮ್ಮ

ತೋಳಿನ ಮೇಲೆ ಎರಡು ಗೆರೆ, ಒಂದೇ ಇರಬೇಕಿತ್ತು, ಭುಜದಿಂದ ಮುಂಗೈವರೆಗೆ ಅಳತೆಪಟ್ಟಿ ಇಟ್ಟು ಎಳೆದಂಥ ಒಂದೇ ಒಂದು, ಇಲ್ಲಿ ನೋಡಿದರೆ ರೈಲು ಹಳಿಯ ಹಾಗೆ ಜೋಡಿಯಾಗಿ ಓಡಿವೆ, ಮೊಣಕೈ ಹತ್ತಿರ ಸೇರಿದಂತೆ ಮಾಡಿ ಮತ್ತೆ ಬೇರೆಯಾಗಿವೆ, ಕೈಯನ್ನು ಮೇಜಿನ ಕೆಳಗಿಟ್ಟುಕೊಂಡರೆ ಯಾರಿಗೂ ಕಾಣುವುದಿಲ್ಲ, ಆದರೆ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ನಿಘಂಟು ಬರೆಯುವುದು ಹೇಗೆ — ಮೂವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ನನ್ನ ಅಂಗಿಗೆ ನಾನೇ ಇಸ್ತ್ರಿ ಹಾಕಿಕೊಂಡು ಬಂದಿದ್ದೇನೆ, ಇಸ್ತ್ರಿ ಅಂಗಡಿಯವಳ ಮಗಳು, ನಗೆಪಾಟಲು, ಅದೂ ಹಟಕ್ಕೆ, ಬರೀ ಹಟಕ್ಕೆ. ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ಹಿಂದಿನ ಕೋಲಿನಲ್ಲಿ ಏಳು ಅಂಗಿ ಸಾಲಾಗಿ ತೂಗುತ್ತಿವೆ, ಮೇಲಿನ ಗುಂಡಿ ಹಾಕಿ, ಕಾಲರ್ ನಿಲ್ಲಿಸಿ, ನಾಳೆಯದು, ನಾಡಿದ್ದಿನದು, ಅದರಾಚೆಯದು, ಒಂದು ವಾರಕ್ಕೆ ಸರಿಯಾಗಿ, ಮಗಳನ್ನು ಬಿಟ್ಟು ಹೋಗುವವಳು ಮಗಳಿಗೆ ಏಳು ಅಂಗಿ ಬಿಟ್ಟು ಹೋಗುತ್ತಿದ್ದಾಳೆ, ಮೈಯೆಲ್ಲ ಉರಿದುಹೋಯಿತು, ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಬೀರುವಿನ ಮೂಲೆಯಿಂದ ಎಂಟನೆಯದನ್ನು ಎಳೆದು ನಾನೇ ಉಜ್ಜಿದೆ. ಆಮೇಲೆ ಅಮ್ಮ ಬಂದಳು, ಗೆರೆ ನೋಡಿದಳು, ಬೇರೆ ದಿನವಾಗಿದ್ದರೆ ಅಂಗಿ ಬಿಚ್ಚಿಸದೆ ಬಿಡುತ್ತಿರಲಿಲ್ಲ, ಇವತ್ತು ಸುಮ್ಮನೆ ಮುಂಕೋಣೆಗೆ ಹೋಗಿ ಅಂಗಡಿಯ ಕಿಟಕಿ ತೆಗೆದು ಗಿರಾಕಿಗಳ ಕೊನೆಯ ಗಂಟು ಬಿಚ್ಚಿದಳು. ಬಸ್ಸು ನಾಲ್ಕಕ್ಕೆ ಕಣೇ, ಅಂದಳು. ನನಗೆ ಆಫೀಸಲ್ಲಿ ಕೆಲಸ ಇದೆ, ಅಂದೆ. ಚಪ್ಪಲಿ ಮೆಟ್ಟಿದೆ. ಅಮ್ಮ ಇಸ್ತ್ರಿಯನ್ನು ಬಟ್ಟೆಯಿಂದ ಮೇಲಕ್ಕೆತ್ತಿದಳು, ಒಂದು ಗೇಣು, ಹಾಗೇ ಹಿಡಿದು ನಿಂತಳು, ನಾನು ಒಂದು ಅಕ್ಷರ ಅಂದಿದ್ದರೆ ಸಾಕಿತ್ತು, ಅನ್ನಲಿಲ್ಲ, ಐವತ್ತಮೂರು ದಿನದಿಂದ ಅಂದಿಲ್ಲ, ರಸ್ತೆಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಇಸ್ತ್ರಿ ಇನ್ನೂ ಗಾಳಿಯಲ್ಲೇ ಇತ್ತು.

ಹನ್ನೊಂದೂಕಾಲು, ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ, ಗಡಿಯಾರದ ಮಾತು ಬೇಡ, ಚೀಟಿ ನೋಡು, ಚೀಟಿ. ನಿಘಂಟು ಕಚೇರಿಯ ಮೂರನೆಯ ಮಹಡಿ, ಹದಿನಾಲ್ಕು ವರ್ಷದಿಂದ ಇದೇ ಕುರ್ಚಿ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ, ಕೆಳಗೆ ಪದದ ಮೂಲ, ಬಿ ಅಕ್ಷರದ ಡಬ್ಬಿ ಮುಗಿಯುತ್ತ ಬಂದಿದೆ, ತಳದಲ್ಲಿ ಹತ್ತೋ ಹನ್ನೆರಡೋ ಚೀಟಿ, ಅದರಲ್ಲಿ ಇವತ್ತಿನ ಪಾಲಿಗೆ ಬಂದದ್ದು, ಬೇರೆ ದಿನವೇ ಇರಲಿಲ್ಲವೇ ಇದಕ್ಕೆ, ಮೂರಕ್ಷರದ ಪದ, ಬಿ, ವೈ, ಇ — ಬೈ. ಯಾರೋ ಬೇಕಂತಲೇ ಇಟ್ಟ ಹಾಗಿದೆ. ಪ್ರಧಾನ ಸಂಪಾದಕರು ಬಂದು ನಿಂತಿದ್ದರು, ವಾಕ್ಯದ ನಡುವೆ ನಿಂತು ಉಸಿರೆಳೆದುಕೊಳ್ಳುವುದು ಅವರ ಪದ್ಧತಿ, ಅದಕ್ಕೇ ಬೆನ್ನ ಹಿಂದೆ ಇಡೀ ಕಚೇರಿ ಅವರನ್ನು ಅರ್ಧವಿರಾಮ ಅನ್ನುತ್ತದೆ, ಆ ಬಿ ಡಬ್ಬಿ, ಅಂದರು, ನಿಂತರು, ಎರಡು ಗಂಟೆಗೆ, ಮತ್ತೆ ನಿಂತರು, ನನ್ನ ತೋಳಿನ ಗೆರೆ ನೋಡಿದರೋ ಏನೋ, ಅಚ್ಚಿಗೆ ಹೋಗ್ಬೇಕು. ಆಯ್ತು ಸರ್ ಅಂದೆ. ಆಯ್ತು ಅಂದರೆ ಆಯಿತೇ, ಹಳೆಯ ಮುದ್ರಣದಲ್ಲಿ ಇದಕ್ಕೆ ವಿದಾಯ ಅಂತ ಇದೆ, ಯಾವ ಮನೆಯಲ್ಲಿ ಯಾರು ಯಾರಿಗೆ ವಿದಾಯ ಅಂದಿದ್ದಾರೆ, ಹಾಗೆ ಅಂದರೆ ಎದುರಿಗಿದ್ದವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ, ನಾವು ಹೊರಡುವಾಗ ಬರ್ತೀನಿ ಅನ್ನುವ ಜನ, ಮುಖ ಬಾಗಿಲ ಕಡೆ, ಮಾತು ಮನೆಯ ಕಡೆ, ಹೋಗುವುದಕ್ಕೆ ಬರುವ ಕ್ರಿಯಾಪದ, ಇದನ್ನು ಯಾವ ಕಂಬಸಾಲಿನಲ್ಲಿ ತುಂಬಲಿ. ಮೂಲ ಬರಿ, ಮೂಲ ಸುಲಭ. ಮೊದಲು ಅದು ನಾಲ್ಕು ಪದವಾಗಿತ್ತು, ಗಾಡ್ ಬಿ ವಿತ್ ಯೀ, ದೇವರು ನಿನ್ನ ಜೊತೆಗಿರಲಿ, ಅವಸರದ ಜನ ಆಡಿ ಆಡಿ ಸವೆಸಿದರು, ಹೊರಡುವ ಹೊತ್ತಿನಲ್ಲಿ ಯಾರಿಗೆ ತಾನೇ ವ್ಯವಧಾನ, ನಾಲ್ಕು ಒಂದಾಯಿತು, ಆಮೇಲೆ ಗುಡ್ ಡೇ ಗುಡ್ ಈವ್ನಿಂಗುಗಳ ಸಹವಾಸಕ್ಕೆ ಬಿದ್ದು ಗಾಡ್ ಹೋಗಿ ಗುಡ್ ಆಯಿತು, ಕೊನೆಗೆ ಆ ಗುಡ್ಡೂ ಉದುರಿ ಬೈ ಮಾತ್ರ ಉಳಿಯಿತು. ದೇವರೂ ಹೋದ, ಒಳ್ಳೆಯದೂ ಹೋಯಿತು, ನಿನ್ನ ಜೊತೆಗಿರಲಿ ಅನ್ನುವ ಬಾಲ ಮಾತ್ರ ಇದೆ, ಯಾರು ಇರಲಿ ಅಂತ ಇಲ್ಲ. ಐವತ್ತಮೂರು ದಿನ ನಾನು ಇಷ್ಟನ್ನು ಅನ್ನದೆ ಬಂದೆ.

ಆರು ವರ್ಷ ನನಗೆ, ಶಾಲೆಗೆ ಸೇರಿ ಮೂರನೆಯ ದಿನ, ಹೊಸ ಷೂ, ಹಿಂದಿನ ದಿನ ಟೀಚರ್ ಹೇಳಿಕೊಟ್ಟಿದ್ದರು, ಮನೆಯಿಂದ ಹೊರಡುವಾಗ ಅಮ್ಮನಿಗೆ ಬೈ ಹೇಳಬೇಕು, ಹೊಸಿಲ ಮೇಲೆ ನಿಂತು ಕೈ ಆಡಿಸಿ ಅಮ್ಮಾ, ಬೈ ಅಂದೆ. ಇಂಗ್ಲಿಷಿನ ಗಾಳಿಯೂ ಸೋಕದ ಅಮ್ಮ, ಇಸ್ತ್ರಿ ಎತ್ತಿ ಹಿಡಿದು ನನ್ನನ್ನೇ ನೋಡಿದಳು. ಯಾಕೆ, ಏನ್ಮಾಡ್ದೆ? ಏನೂ ಮಾಡಿಲ್ಲ, ಬೈ. ಏನೂ ಮಾಡ್ದೆ ಯಾಕೆ ಬೈಲಿ? ಟೀಚರ್ ಹೇಳಿದಾರೆ, ದಿನಾ ಬೈ ಅಂತ. ಚೆನ್ನಾಗಿದೆ, ಅಂದಳು ಅಮ್ಮ, ನನ್ನ ಮಗಳನ್ನ ನಾನು ಬೈಯೋಕೂ ಟೀಚರ್ ಅಪ್ಪಣೆನಾ, ಹೋಗು, ನನಗೆ ಬೈಯೋಕೆ ಮನಸ್ಸಿಲ್ಲ. ನಾನೋ, ಅವಳಿಗೆ ಕೇಳಿಸಲಿಲ್ಲ ಅಂದುಕೊಂಡು ಬೈ, ಬೈ, ಬೈ ಅಂತ ಕಾಲು ಕುಟ್ಟಿ ಅಳುವುದಕ್ಕೇ ಶುರು ಮಾಡಿದೆ, ಟೀಚರ್ ಹೇಳಿದ್ದರು, ತಿರುಗಿ ಅಮ್ಮನೂ ಏನಾದರೂ ಹೇಳಬೇಕು, ಆಗಲೇ ಅದು ಪೂರ್ತಿಯಾಗುವುದು. ಅಯ್ಯೋ ಸರಿ, ತಗೋ, ಬೈತೀನಿ, ಗೂಬೆ, ಎಡಗಾಲಿನ ಷೂ ಬಲಗಾಲಿಗೆ ಹಾಕ್ಕೊಂಡಿದೀಯ, ಮೂಗು ಒರೆಸ್ಕೋ, ಚೀಲದಲ್ಲಿ ಏನು ಕಲ್ಲು ತುಂಬಿದೀಯಾ ಸೋಂಬೇರಿ, ರಸ್ತೇಲಿ ಬಾಯಿ ತಕ್ಕೊಂಡು ಆಕಾಶ ನೋಡ್ಕೊಂಡು ಹೋದ್ಯೋ ಕಾಲು ಮುರಿದು ಕೈಗೆ ಕೊಡ್ತೀನಿ, ಸಾಯಂಕಾಲ ನೆಟ್ಟಗೆ ಮನೆಗೆ ಬಾ. ಆಹಾ, ಎಷ್ಟು ಸಮಾಧಾನವಾಯಿತು, ಕಣ್ಣೊರೆಸಿಕೊಂಡು ಕುಣಿಯುತ್ತ ಹೋದೆ, ಬೇರೆ ಮಕ್ಕಳಿಗೆ ಅವರಮ್ಮಂದಿರು ಒಂದೇ ಅಕ್ಷರ ಅಂದಿರುತ್ತಾರೆ, ನನಗೆ ಇಷ್ಟು ಸಿಕ್ಕಿತು. ಬೈಯುವಷ್ಟು ಹೊತ್ತೂ ಇಸ್ತ್ರಿ ಗಾಳಿಯಲ್ಲಿ, ಅದು ಅವಳ ಕಸುಬಿನ ಮೊದಲ ಪಾಠ, ಮಾತಾಡುವಾಗ ಇಸ್ತ್ರಿ ಬಟ್ಟೆಯ ಮೇಲಿರಬಾರದು, ಮಾತು ಎಲ್ಲಿಗೋ ಹೋಗುತ್ತದೆ, ಬಟ್ಟೆ ಸುಡುತ್ತದೆ. ಆವತ್ತಿನಿಂದ ದಿನವೂ, ಪರೀಕ್ಷೆಯ ದಿನ, ದಂಡಪಿಂಡ, ಪೆನ್ನಿಗೆ ಇಂಕು ಹಾಕ್ಕೊಂಡ್ಯಾ, ಈ ಕೆಲಸದ ಸಂದರ್ಶನಕ್ಕೆ ಹೊರಟ ದಿನ, ಪೆದ್ದಿ, ಕೇಳಿದ್ದಕ್ಕಷ್ಟೇ ಉತ್ತರ ಹೇಳು, ನಿನ್ನ ತಲೇಲಿ ಇರೋದನ್ನೆಲ್ಲ ಅಲ್ಲಿ ಸುರೀಬೇಡ, ಬೇರೆಯವರ ಅಮ್ಮಂದಿರು ಒಳ್ಳೆಯದಾಗಲಿ ಅಂತಾರೆ, ನಮ್ಮಮ್ಮ ಮೊದ್ದು ಅಂತಾಳೆ, ಕೆಲಸ ಸಿಕ್ಕಿತು. ಒಮ್ಮೆ ಟೀಚರೇ ಅಂಗಡಿಗೆ ಬಂದರು, ನಿಮ್ಮ ಮಗಳು ಎಲ್ಲರಿಗೂ ತಪ್ಪದೆ ಬೈ ಅಂತಾಳೆ, ಒಳ್ಳೆ ಅಭ್ಯಾಸ, ಅಂದರು, ಅಮ್ಮ ಗಾಬರಿಯಾಗಿ, ಅಯ್ಯೋ, ಎಲ್ಲರ ಹತ್ರನೂ ಬೈಸ್ಕೋತಾಳಾ, ನಾನೊಬ್ಬಳು ಸಾಲ್ದಾ, ಅಂದಳು. ಹೊರಡುವಾಗ ಟೀಚರು ರೂಢಿಯಂತೆ ಬೈ ಅಂದುಬಿಟ್ಟರು, ಅಮ್ಮ ಸಂಕೋಚದಿಂದ ಸೆರಗು ತಿರುಚುತ್ತ, ನಿಮ್ಮಂಥೋರಿಗೆ ಏನಂತ ಬೈಲಿ, ಆದ್ರೂ ಅಷ್ಟು ಓದಿದೋರು ಕಾಲರ್ ಇಷ್ಟು ಕೊಳೆ ಮಾಡ್ಕೋಬಾರ್ದು, ಅಂತ ಮೆಲ್ಲಗೆ ಅಂದಳು.

ನಗಬೇಡ, ಕಚೇರಿ ಇದು, ಪಕ್ಕದ ಮೇಜಿನವರು ನೋಡುತ್ತಾರೆ. ಆವತ್ತೇ ಟೀಚರು ಹೊಟ್ಟೆ ಹಿಡಿದು ನಕ್ಕು ಅರ್ಥ ಬಿಡಿಸಿ ಹೇಳಿದ್ದರಂತೆ, ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಕಾಲೇಜಿಗೆ ಬಂದು ನಾಲ್ಕಕ್ಷರ ಕಲಿತ ಜಂಬದಲ್ಲಿ ಅಮ್ಮಾ, ಬೈ ಅಂದ್ರೆ ಬೈಯೋದಲ್ಲ ಅಂತ ಪಾಠ ಮಾಡಲು ಹೋದೆ, ಗೊತ್ತು ಕಣೇ, ಅಂದಳು, ನಿಮ್ಮ ಟೀಚರ್ ಬಂದ ದಿನದಿಂದ ಗೊತ್ತು. ಮತ್ತೆ ಯಾಕೆ ಬೈತೀಯ? ಬರೀ ಕೈ ಆಡಿಸಿದ್ರೆ ಹೋಗೋರ ಕೈಗೆ ಏನು ಸಿಗುತ್ತೆ, ಬೈದ್ರೆ ದಾರಿಯುದ್ದಕ್ಕೂ ನೆನಪಿರುತ್ತೆ, ಹುಷಾರಾಗಿ ಹೋಗ್ತಾರೆ, ಅಂದಳು, ಅಂದು ಸುಮ್ಮನಾದಳು, ಆ ಸುಮ್ಮನೆ ಏನೆಂದು ನನಗೆ ಗೊತ್ತು, ಅದು ಅಪ್ಪ. ಅಪ್ಪನಿಗೆ ವಿದ್ಯುತ್ ಕಂಬ ಹತ್ತುವ ಕೆಲಸ, ನನಗೆ ಐದು ವರ್ಷ, ಹಿಂದಿನ ದಿನ ಏನೋ ಸಣ್ಣ ಜಗಳ, ಒಗೆದ ಬಟ್ಟೆ ಮಳೆಗೆ ನೆನೆದದ್ದಕ್ಕೋ ಏನೋ, ಅಮ್ಮ ಮುಖ ಊದಿಸಿಕೊಂಡಿದ್ದಳು, ಬೆಳಗ್ಗೆ ಅಪ್ಪ ಏಣಿ ಹೆಗಲಿಗೇರಿಸಿ ಬರ್ತೀನಿ ಅಂದ, ಅಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು, ಅವನು ಎರಡು ಸಲ ಅಂದನಂತೆ, ಎರಡು ಸಲವೂ ಅವಳು ತಿರುಗಲಿಲ್ಲ, ಮಧ್ಯಾಹ್ನ ಜೊತೆಯವರು ಬಂದು ಹೇಳಿದರು, ಕಂಬದಿಂದ ಬಿದ್ದ, ಆಸ್ಪತ್ರೆಯವರೆಗೂ ಉಳಿಯಲಿಲ್ಲ. ಎರಡು ಬೈದಾದ್ರೂ ಕಳಿಸಬೇಕಿತ್ತು, ಅಂತ ಅಮ್ಮ ಒಂದೇ ಒಂದು ಸಲ ಅಂದದ್ದು, ನನ್ನ ತಲೆ ಬಾಚುತ್ತ, ಹಿಂದೆ ಕೂತಿದ್ದರಿಂದ ಅವಳ ಮುಖ ಕಾಣಲಿಲ್ಲ, ಬಾಚಣಿಗೆ ಮಾತ್ರ ನಡುನೆತ್ತಿಯಲ್ಲಿ ನಿಂತುಬಿಟ್ಟಿತ್ತು. ಬೈತಲೆ ತೆಗೆಯುತ್ತಿದ್ದಳು — ಬೈತಲೆ, ಕನ್ನಡ ನಿಘಂಟು ಪಕ್ಕದಲ್ಲೇ ಇದೆ, ತೆಗೆದು ನೋಡುತ್ತೇನೆ, ಬೈ, ಕ್ರಿಯಾಪದ, ನಿಂದಿಸು, ಗದರಿಸು, ಕೆಳಗೆ ಬೈಗು, ನಾಮಪದ, ಸಂಜೆ, ಅದರ ಕೆಳಗೆ ಬೈಗುಳ, ಅದರ ಕೆಳಗೆ ಬೈತಲೆ, ಕೂದಲನ್ನು ಎರಡು ಭಾಗ ಮಾಡುವ ಗೆರೆ. ಒಂದೇ ಪುಟದಲ್ಲಿ ನಮ್ಮಮ್ಮನ ಇಡೀ ದಿನ ಇದೆ, ಬೆಳಗ್ಗೆ ಬೈತಲೆ, ಬಾಗಿಲಲ್ಲಿ ಬೈಗುಳ, ಬೈಗು ಆಗುವ ಹೊತ್ತಿಗೆ ಕಿಟಕಿಯಲ್ಲಿ ನನಗಾಗಿ ಕಾಯುವುದು. ಇವತ್ತು ಬೈಗಿಗೆ ಆ ಕಿಟಕಿ ಮುಚ್ಚಿರುತ್ತದೆ, ಬೀಗದ ಕೈ ನನ್ನ ಚೀಲದಲ್ಲೇ ಇದೆ, ನಾನೇ ತೆಗೆದುಕೊಂಡು ಒಳಗೆ ಹೋಗಬೇಕು.

ಎಲ್ಲ ಆ ಗಡಿಯಾರದವರಿಂದ, ಅಲ್ಲ, ಅವರನ್ನು ಬೈಯಲೂ ಮನಸ್ಸು ಬರುವುದಿಲ್ಲ, ನಮ್ಮ ಮನೆ ಎದುರಿನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು, ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಇಸ್ತ್ರಿಗೆ ದಿನಕ್ಕೊಂದೇ ಅಂಗಿ ತರುತ್ತಿದ್ದರು, ನಾನು ಪಾಪ, ಅವರಿಗೆ ಬಟ್ಟೆ ಕಡಿಮೆ ಅಂದುಕೊಂಡಿದ್ದೆ, ಹದಿನಾಲ್ಕು ವರ್ಷ ಅರ್ಥ ಬರೆದವಳಿಗೆ ದಿನಕ್ಕೊಂದು ಅಂಗಿಯ ಅರ್ಥವಾಗಲಿಲ್ಲ. ಅವರ ಕಣ್ಣು ಮಂಜಾಗುತ್ತ ಬಂತು, ಕೈಗಡಿಯಾರದ ಚಕ್ರಗಳು ಕಾಣುತ್ತಿಲ್ಲ, ಎಂಟು ಗಂಟೆ ಪ್ರಯಾಣದ ಯಾವುದೋ ಸಮುದ್ರದ ಊರಿನಲ್ಲಿ ಗೋಪುರದ ಗಡಿಯಾರ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಅದರ ಚಕ್ರದ ಒಂದೊಂದು ಹಲ್ಲೂ ಅಂಗೈ ಅಗಲ ಇದೆಯಂತೆ, ಕಣ್ಣು ಮುಚ್ಚಿದ್ರೂ ಸಿಗುತ್ತೆ, ಅಂತ ಅವರು ನಗುತ್ತಾರೆ. ಐವತ್ತಮೂರು ದಿನದ ಹಿಂದೆ ಬೆಳಗ್ಗೆ, ನಾನು ಹೊರಡುವ ಹೊತ್ತು, ಬೈ ಅನ್ನಲು ಬಾಯಿ ತೆರೆದಿದ್ದೆ, ಅಮ್ಮ ಅವರ ಅಂಗಿಯ ಮೇಲೆ ಇಸ್ತ್ರಿ ಆಡಿಸುತ್ತ, ತಲೆ ಎತ್ತದೆ, ಅವರು ನನ್ನ ಕೇಳಿದಾರೆ, ಮದುವೆ ಆಗೋಣ ಅಂತ, ನಾನು ಹ್ಞೂಂ ಅಂದಿದೀನಿ ಕಣೇ, ನೀನೂ ಬರ್ತೀಯಾ ನಮ್ಮ ಜೊತೆ, ಅಂದಳು. ಅರವತ್ತಮೂರು ವರ್ಷದವಳ ಕೆನ್ನೆ ಕೆಂಪಾಗಿತ್ತು, ಇಸ್ತ್ರಿಯ ಬಿಸಿಗೆ ಅಂದುಕೊಂಡೆ, ಆಗಲೇ ಅವಳನ್ನು ತಬ್ಬಿಕೊಳ್ಳಬೇಕಿತ್ತು ನಾನು, ನನ್ನ ಕೆಲಸ ಇಲ್ಲಿ, ಚೀಟಿ ಇಲ್ಲಿ, ಬರಲಾರೆ, ಆದರೆ ನೀನು ಹೋಗು ಅಂತ, ಎಷ್ಟು ಚಿಕ್ಕ ಮಾತು. ಅದರ ಬದಲು ಅಂದೆ — ಅಪ್ಪನ್ನ ಒಂದು ಮಾತೂ ಆಡಿಸ್ದೆ ಕಳಿಸ್ಬಿಟ್ಟೆ, ಈಗ ನನ್ನ ಬಿಟ್ಟು ನೀನೇ ಹೋಗ್ತಿದೀಯ, ನಿನಗೆ ಯಾರೂ ಬೇಡ. ಅಂದೆ. ಈ ಬಾಯಿಂದಲೇ. ಅವಳು ಒಂದೇ ಒಂದು ಸಲ, ನನ್ನ ಬೆನ್ನಿಗೆ ಹೇಳಿಕೊಂಡ ಮಾತನ್ನು ಅವಳ ಎದೆಗೇ ತಿರುಗಿಸಿ ಚುಚ್ಚಿದೆ, ಬೈಗುಳದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು, ಅದು ಬೈಗುಳವಲ್ಲವೆಂದು ಅನ್ನುತ್ತಿರುವಾಗಲೇ ಗೊತ್ತಿತ್ತು. ಅಮ್ಮ ಇಸ್ತ್ರಿ ಎತ್ತಲಿಲ್ಲ. ನನ್ನನ್ನು ನೋಡುತ್ತ ನಿಂತಳು, ಇಸ್ತ್ರಿ ಬಟ್ಟೆಯ ಮೇಲೇ, ಮೊದಲು ವಾಸನೆ ಬಂತು, ಆಮೇಲೆ ಹೊಗೆ, ಕೊನೆಗೆ ಎತ್ತಿದಾಗ ಅವರ ಬಿಳಿ ಅಂಗಿಯ ಎದೆಯ ಬಲಕ್ಕೆ ಕಂದು ಬಣ್ಣದ ಇಸ್ತ್ರಿಯ ಮೂತಿ ಮೂಡಿತ್ತು. ನಾನು ಹೊರಟು ಬಂದೆ. ಮಾರನೆಯ ದಿನದಿಂದ ಅವಳೇನೋ ಏನೂ ಆಗದವಳಂತೆ ಇಸ್ತ್ರಿ ಎತ್ತಿ ಹಿಡಿದು ಕಾದಳು, ನನಗೆ ಬಾಯಿ ಬರಲಿಲ್ಲ, ಬೈ ಅಂದರೆ ಅವಳು ನಿಜವಾಗಿ ಬೈದುಬಿಟ್ಟಾಳು ಅಂತ ಹೆದರಿಕೆ, ಬೈಯದೆ ಸುಮ್ಮನಿದ್ದುಬಿಟ್ಟಾಳು ಅಂತ ಇನ್ನೂ ಹೆದರಿಕೆ, ಹೊರಗೆ ಮಾತ್ರ ಸಿಟ್ಟಿನ ಮುಖ. ಹೋದ ವಾರ ಅವರಿಬ್ಬರೂ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿ ಬಂದರು, ತಲೆನೋವು ಅಂತ ನಾನು ಮಲಗಿದ್ದೆ, ತಲೆ ನೋಯುತ್ತಿರಲಿಲ್ಲ.

ನಿನ್ನೆ ಗಡಿಯಾರದವರು ರಸ್ತೆಯಲ್ಲಿ ತಡೆದು ನಿಲ್ಲಿಸಿದರು, ಅದೇ ಬಿಳಿ ಅಂಗಿ, ಕಂದು ಕಲೆಯ ಮೇಲೆ ಅಮ್ಮ ಎರಡನೆಯ ಜೇಬು ಹೊಲಿದಿದ್ದಾಳೆ, ಎಡಕ್ಕೊಂದು ಬಲಕ್ಕೊಂದು, ನಾನು ಆ ಜೇಬನ್ನೇ ನೋಡುತ್ತಿದ್ದುದನ್ನು ಕಂಡು, ಅನುಕೂಲ ಆಯ್ತು ಕಣಮ್ಮ, ಕನ್ನಡಕ ಒಂದರಲ್ಲಿ, ಭೂತಗನ್ನಡಿ ಒಂದರಲ್ಲಿ, ಅಂದರು, ಆಮೇಲೆ ದನಿ ತಗ್ಗಿಸಿ, ನಿಮ್ಮಮ್ಮ ಬೆಳಗ್ಗೆ ನೀವು ಹೊರಟ ಮೇಲೂ ಇಸ್ತ್ರಿ ಎತ್ತಿ ಹಿಡ್ಕೊಂಡೇ ಇರ್ತಾರೆ, ನನ್ನ ಅಂಗಡಿಯಿಂದ ಕಾಣುತ್ತೆ, ನಮ್ಮ ಚಾಳಿ ನೋಡಿ, ಹೊತ್ತು ಲೆಕ್ಕ ಹಾಕಿದೀನಿ, ಎರಡು ನಿಮಿಷ ಹತ್ತು ಸೆಕೆಂಡು, ನಾಲ್ಕು ಕಿಲೋ ಇದೆ ಅದು, ಅವರ ಭುಜ ನೋಯುತ್ತೆ. ಅಷ್ಟೇ. ಬುದ್ಧಿ ಹೇಳಲಿಲ್ಲ, ಬರ್ತೀನಿ ಅಂದರು. ಅವರು ಯಾವಾಗಲೂ ಬರ್ತೀನಿ ಅಂತಲೇ ಅನ್ನುತ್ತಾರೆ, ಒಮ್ಮೆ ಕೇಳಿದ್ದಕ್ಕೆ, ಆ ಇನ್ನೊಂದು ಪದ ನಿಮ್ಮ ಅಮ್ಮ ಮಗಳದು, ಅದಕ್ಕೆ ನಾನು ಕೈ ಹಾಕಲ್ಲ, ಅಂದಿದ್ದರು, ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಕಷ್ಟ. ಒಂದೂ ಮುಕ್ಕಾಲು. ಬರಿ. ಬೈ, ಒಂದು, ಅಗಲುವಾಗ ಆಡುವ ಮಾತು, ಬರ್ತೀನಿ, ಹೋಗಿ ಬನ್ನಿ. ಎರಡು, ಕ್ರಿಕೆಟ್ಟಿನಲ್ಲಿ ಬ್ಯಾಟಿಗೂ ಮೈಗೂ ತಾಗದೆ ಹೋದ ಚೆಂಡಿಗೆ ಓಡಿ ಪಡೆದ ರನ್. ಮೂರು, ಪಂದ್ಯಾವಳಿಯಲ್ಲಿ ಎದುರಾಳಿಯೇ ಇಲ್ಲದೆ ಮುಂದಿನ ಸುತ್ತಿಗೆ ಹೋಗುವುದು — ಹ್ಞಾ, ಇದು ನಾನೇ, ನಾಳೆಯಿಂದ ಬಚ್ಚಲಿಗೆ ಮೊದಲು ಯಾರು ಅಂತ ಜಗಳವಿಲ್ಲ, ದೀಪ ಆರಿಸಲಿಲ್ಲವೆಂಬ ಜಗಳವಿಲ್ಲ, ಎದುರಾಳಿಯೇ ಇಲ್ಲ, ಗೆಲುವು ನನ್ನದೇ, ಯಾರಿಗೆ ಬೇಕು ಈ ಗೆಲುವು. ನಾಲ್ಕು, ಬರೆಯಬೇಡ, ಪೆನ್ನು ಕೇಳುವುದಿಲ್ಲ, ನಾಲ್ಕು, ಹೊರಡುವವರು ಬೈಯೆಂದು ಕೇಳುವುದು, ಉಳಿಯುವವರು ಬೈದು ಕಳಿಸುವುದು, ದಾರಿಯ ರಕ್ಷಣೆಗಾಗಿ. ಹೊಡೆದು ಹಾಕುವಷ್ಟರಲ್ಲಿ ಅರ್ಧವಿರಾಮರ ಕೈ ಬಂತು, ಚೀಟಿ ಹೋಯಿತು, ನಿಂತೇ ಓದಿದರು, ಇದು, ಅಂದರು, ನಿಂತರು, ನಾಲ್ಕನೇದು, ಎಲ್ಲಿ ಬಳಕೆಯಲ್ಲಿದೆ? ನಮ್ಮನೇಲಿ ಸರ್, ತಪ್ಪಾಯ್ತು, ತೆಗೀತೀನಿ. ಎಷ್ಟು ಜನ ಬಳಸ್ತಾರೆ? ಇಬ್ರು ಸರ್. ಅವರು ನಗಲಿಲ್ಲ, ಕನ್ನಡಕ ತೆಗೆದರು, ಇಬ್ಬರು ಆಡಿದ್ರೆ, ನಿಂತರು, ಕಿಟಕಿಯ ಹೊರಗೆ ಲಾರಿಯೊಂದು ಹೋಗುವವರೆಗೆ ನಿಂತರು, ಅದು ಭಾಷೆನೇ, ಒಬ್ಬರೇ ಆಡಿದ್ರೆ ಗೊಣಗು, ಈಗಲೂ ಬಳಕೆಯಲ್ಲಿದೆಯಾ, ಇಲ್ಲಾ, ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದರು, ಕತ್ತಿ ಹಾಕ್ಲಾ? ಕತ್ತಿ, ಬಳಕೆ ತಪ್ಪಿ ಸತ್ತ ಪದಗಳ ಪಕ್ಕ ನಾವು ಹಾಕುವ ಪುಟ್ಟ ಕತ್ತಿಯ ಗುರುತು, ಈ ಹದಿನಾಲ್ಕು ವರ್ಷದಲ್ಲಿ ಎಷ್ಟು ಪದಗಳಿಗೆ ಹಾಕಿದ್ದೇನೆ, ಕಣ್ಣು ಮಿಟುಕಿಸದೆ, ಪೆನ್ಸಿಲಿನ ತುದಿ ಕಾಗದದ ಮೇಲೆ, ಬೇಡ ಸರ್, ಅಂದೆ, ಅಲ್ಲ, ಕಿರುಚಿದೆ, ಪಕ್ಕದ ಮೇಜಿನವರು ತಿರುಗಿ ನೋಡಿದರು, ಬೇಡ ಸರ್, ಬಸ್ಸು ನಾಲ್ಕಕ್ಕೆ. ಅವರಿಗೇನು ಅರ್ಥವಾಯಿತೋ, ಪೆನ್ಸಿಲ್ ಜೇಬಿಗಿಟ್ಟುಕೊಂಡು, ಉಳಿದ ಚೀಟಿ ನಾನು ನೋಡ್ಕೋತೀನಿ, ಎದ್ದೇಳಿ, ಅಂದರು, ಈ ಸಲ ನಡುವೆ ಎಲ್ಲೂ ನಿಲ್ಲಲಿಲ್ಲ.

ಆದರೂ ತಡ, ಬಿ ಡಬ್ಬಿಯ ಸಹಿಗಳೆಲ್ಲ ನನ್ನವೇ ಬೇಕು ಅಂತ ಅಚ್ಚಿನವರು ಹಿಡಿದಿಟ್ಟರು, ಮೂರೂವರೆ, ಮೂರೂ ಮುಕ್ಕಾಲು, ಓಡುತ್ತಿದ್ದೇನೆ, ಚಪ್ಪಲಿಯ ಪಟ್ಟಿ ಕಿತ್ತು ಬರುತ್ತಿದೆ, ಬರಲಿ, ಅಡ್ಡ ಸಿಕ್ಕವರೆಲ್ಲ ನೋಡುತ್ತಾರೆ, ನೋಡಲಿ, ರಸ್ತೆ ದಾಟುವಾಗ ಆಕಾಶ ನೋಡುತ್ತಿಲ್ಲ ಅಮ್ಮ, ಎರಡೂ ಕಡೆ ನೋಡಿಯೇ ದಾಟುತ್ತಿದ್ದೇನೆ. ಬಸ್ ನಿಲ್ದಾಣ, ಹೊಗೆ, ಕೂಗು, ಎಲ್ಲ ಬಸ್ಸೂ ಒಂದೇ ಬಣ್ಣ, ಸಮುದ್ರದ ಊರಿಗೆ ಯಾವುದು ಅಂತ ಕೇಳಿದರೆ ಒಬ್ಬ ಆ ಕಡೆ, ಒಬ್ಬ ಈ ಕಡೆ, ಕೊನೆಯ ಸಾಲಿನಲ್ಲಿ ಒಂದು ಬಸ್ಸು ಆಗಲೇ ನಡುಗುತ್ತಿದೆ, ಮೂರನೆಯ ಕಿಟಕಿಯಲ್ಲಿ ಬಿಳಿ ತಲೆ, ಗೆರೆ ಎಳೆದಂಥ ಬೈತಲೆ, ಅವಳೇ, ಪಕ್ಕದಲ್ಲಿ ಎರಡು ಜೇಬಿನ ಅಂಗಿ, ನನ್ನನ್ನು ಕಂಡದ್ದೇ ಅವರು ಸೀಟಿಗೆ ಒರಗಿ ಅತ್ತ ಕಡೆಯ ಕಿಟಕಿ ನೋಡತೊಡಗಿದರು. ಕಿಟಕಿಯ ಕೆಳಗೆ ಬಂದು ನಿಂತೆ, ಏದುಸಿರು, ತೋಳಿನ ಜೋಡಿ ಗೆರೆಯ ಮೇಲೆ ಅವಳ ಕಣ್ಣು ಹೋಗಿ ಬಂತು, ಬಂದ್ಯಾ ಅಂದಳು, ಹ್ಞೂಂ ಅಂದೆ, ಡ್ರೈವರು ಎರಡು ಸಲ ಹಾರ್ನ್ ಮಾಡಿದ. ಏನು ಹೇಳಬೇಕೆಂದು ಬಂದೆ, ತಪ್ಪಾಯ್ತು ಅಂತಲೇ, ಆ ಮಾತನ್ನು ವಾಪಸ್ ತಗೋತೀನಿ ಅಂತಲೇ, ನಿಘಂಟಿನ ಪದಗಳೆಲ್ಲ ಎಲ್ಲಿ ಹೋದವು, ಆಗ ಅಮ್ಮ, ಈ ಮೂವತ್ತಮೂರು ವರ್ಷದಲ್ಲಿ ಒಂದು ದಿನವೂ ನನ್ನನ್ನು ಬಿಟ್ಟು ಎಲ್ಲೂ ಹೋಗದವಳು, ಯಾವತ್ತೂ ಉಳಿಯುವವಳಾಗಿಯೇ ಇದ್ದವಳು, ಕಿಟಕಿಯ ಸರಳಿನ ಮೇಲಿದ್ದ ಬಲಗೈಯನ್ನು ಮೇಲಕ್ಕೆತ್ತಿದಳು, ಒಂದು ಗೇಣು, ಮುಷ್ಟಿ ಬಿಗಿದು, ಹಿಡಿಕೆ ಹಿಡಿದ ಹಾಗೆ, ಮುಷ್ಟಿಯಲ್ಲಿ ಏನೂ ಇಲ್ಲ, ಬೈ ಅಂದಳು. ಜೀವನದಲ್ಲಿ ಮೊದಲ ಸಲ. ಬೈ. ಬೈಯೇ, ಬಸ್ಸು ಹೊರಡುತ್ತೆ. ಬಸ್ಸು ಜಗ್ಗಿತು, ನನ್ನ ಗಂಟಲು ತೆರೆಯಿತು — ಲೇ ಮುದುಕಿ, ಗೂಬೆ, ಕೈ ಒಳಗೆ ಇಟ್ಕೋ, ಎದುರಿಂದ ಲಾರಿ ಬರುತ್ತೆ, ಏಳು ಅಂಗಿ ಇಸ್ತ್ರಿ ಮಾಡಿಟ್ಟು ಹೋಗ್ತಿದೀಯಲ್ಲ ಪೆದ್ದಿ, ಎಂಟನೇ ದಿನ ನಾನೇನು ಹಾಕ್ಕೊಳ್ಳಲಿ, ಬುದ್ಧಿ ಇದೆಯಾ ನಿನಗೆ, ಸಮುದ್ರದ ಗಾಳಿಗೆ ಕಿವಿಗೆ ಬಟ್ಟೆ ಕಟ್ಕೋ, ಮಾತ್ರೆ ಮರೆತ್ಯೋ ನೋಡು, ಅವರನ್ನ ಗೋಪುರ ಹತ್ತಿಸೋವಾಗ ಬೈದು ಕಳಿಸು, ದಿನಾ ಬೈದು ಕಳಿಸು, ಕೇಳಿಸ್ತಾ, ಸುಮ್ಮನೆ ಮಾತ್ರ ಕಳಿಸ್ಬೇಡ, ನಾನು ಅಂದಿದ್ದೆಲ್ಲ ಸುಳ್ಳು ಅಮ್ಮ, ಸುಳ್ಳು, ಮೊದ್ದು, ಸೋಂಬೇರಿ, ಮುಟ್ಟಿದ ತಕ್ಷಣ ಫೋನ್ ಮಾಡ್ಲಿಲ್ಲ ಅಂದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ, ಬಸ್ಸಿನ ಜೊತೆಗೇ ಓಡುತ್ತಿದ್ದೇನೆ, ಚಪ್ಪಲಿ ಎಲ್ಲೋ ಉಳಿಯಿತು, ನಿಲ್ದಾಣದವರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದಾರೆ, ಹೆತ್ತ ತಾಯಿಯನ್ನು ಹೀಗೆ ಬೈಯುವವಳು ಯಾರಪ್ಪ ಅಂತ, ಕಿಟಕಿಯಲ್ಲಿ ಅಮ್ಮ ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಕೈ ಮಾತ್ರ ಇಳಿಸಿಲ್ಲ, ನಾನು ಬೈದು ಮುಗಿಸುವವರೆಗೂ ಇಳಿಸುವವಳಲ್ಲ, ಬಸ್ಸು ಗೇಟು ದಾಟಿತು, ತಿರುವಿನ ಹತ್ತಿರ ಹೋಯಿತು, ಮುಖ ಕಾಣುತ್ತಿಲ್ಲ, ಕೈ ಕಾಣುತ್ತಿದೆ, ನಾನಿನ್ನೂ ಬೈಯುತ್ತಲೇ ಇದ್ದೇನೆ, ಕೈ ಮೇಲೆಯೇ ಇದೆ, ಒಂದು ಗೇಣು ಮೇಲೆ, ಕೈ.